ನಮ್ಮ ಮನೆಯ ಸುಣ್ಣ-ಕಾರಣೆ

ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾಗಿ ಮನೆಯಲ್ಲಿ ಕುಳಿತವನಿಗೆ ಮೊಟ್ಟಮೊದಲು ಕಣ್ಣಿಗೆ ಬೀಳುವುದು ಮನೆಯ ಗೋಡೆ. ಅದುವರೆಗೆ ಬೆಳಿಗ್ಗೆ ಹೊರಟು ಸಂಜೆ ಹಿಂದಿರುಗುತ್ತಿದ್ದವನಿಗೆ ಗೋಡೆಯೆಂಬುದು ಷರಟು ತೂಗುಹಾಕುವ ಮೊಳೆಗೆ ಆಧಾರವಾದ ವಸ್ತುವೇ ಹೊರತು ಬೇರೆ ಏನೂ ಆಗಿರಲಿಲ್ಲ. ನಿವೃತ್ತಿಯ ಹಣ ಕೈಗೆ ಬಂದ ಕಾಲದಲ್ಲಿಯೇ ಈ ಜ್ಞಾನೋದಯವೂ ಆದುದು ನನ್ನ ಗ್ರಹಚಾರವೆಂದು ಈಗ ತೋರುತ್ತದೆ.

ನಮ್ಮದು ಹಾಸನದ ಸೀಮೆಯ ಒಂದು ಸಣ್ಣ ಊರು. ಮನೆ ನನ್ನ ತಾತನವರು ಕಟ್ಟಿಸಿದ್ದು. ನಡುವೆ ತೊಟ್ಟಿ, ಸುತ್ತ ನಾಲ್ಕು ಕಡೆಯೂ ಪಡಸಾಲೆ, ಹೊರಗೆ ಜಗಲಿ. ಅಮರಸಿಂಹನು ಚತುಃಶಾಲವೆಂದೂ ಸಂಜವನವೆಂದೂ ಹೆಸರಿಟ್ಟು ಹೇಳಿರುವ ಮನೆ ಇಂಥದೇ. ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬಾತನು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕೈಗಾರಿಕೆ ಘಟ್ಟವನ್ನು ಹತ್ತಿ ನಮ್ಮ ಊರನ್ನೂ ಮುಟ್ಟಿದ್ದಿತು. ಕಂಬಗಳಿಗೆ ಬೋದಿಗೆ, ಗೋಡೆಗಳಲ್ಲಿ ಅಲ್ಲಲ್ಲಿ ದೀಪದ ಗೂಡುಗಳು. ಪಡಸಾಲೆಗೆ ನಮ್ಮ ತಂದೆಯವರು 1958ರಲ್ಲಿ ಹಾಕಿಸಿದ ಕೆಂಪು ಗಾರೆಯ ನೆಲ. ಅರುವತ್ತು ವರ್ಷಗಳಿಗೂ ಮೀರಿ ಜನರ ಅಂಗಾಲು ತಿಕ್ಕಿ ತಿಕ್ಕಿ ಅದು ಮಾಗಿದ ಹಣ್ಣಿನಂತೆ ಹೊಳೆಯುತ್ತಿದ್ದಿತು. ಅಲ್ಲಲ್ಲಿ ಸೀಳು ಬಿಟ್ಟಿದ್ದುದೂ ನಿಜ.

ಬೆಂಗಳೂರಿನಿಂದ ಬಂದ ಮಗನು, “ಅಣ್ಣ, ಮನೆಯೆಲ್ಲಾ ಕತ್ತಲೆ. ಎಲ್ಲವನ್ನೂ ತಿಳಿಯಾದ ಒಂದೇ ಬಣ್ಣಕ್ಕೆ ತಂದರೆ ಬೆಳಕೂ ಬರುತ್ತದೆ, ಜಾಗವೂ ದೊಡ್ಡದಾಗಿ ಕಾಣುತ್ತದೆ” ಎಂದನು. ಅವನ ಮಾತಿನಲ್ಲಿ ಸುಳ್ಳಿಲ್ಲ. ತಿಳಿ ಬಣ್ಣವು ಬೆಳಕನ್ನು ಮರಳಿ ಎಸೆಯುತ್ತದೆ, ಗಾಢವರ್ಣವು ನುಂಗುತ್ತದೆ. ಒಳಾಂಗಣ ಅಲಂಕಾರದ ಒಬ್ಬ ತರುಣನನ್ನೂ ಅವನೇ ಕರೆತಂದನು. ನಮ್ಮ ಮನೆಯಾಕೆ ಒಂದೇ ಒಂದು ಸಲ, “ನೆಲ ಇದ್ದ ಹಾಗೇ ಇರಲಿ ಅಂತ ನನಗೆ” ಎಂದಳು. ಆಗ ನಾನು ಸುಮ್ಮನಿರಬಾರದಾಗಿತ್ತೆ? ಭರತಮುನಿಯು ಒಂದೊಂದು ರಸಕ್ಕೆ ಒಂದೊಂದು ವರ್ಣವನ್ನು ವಿಧಿಸಿರುವನೆಂದೂ, ಅದರಲ್ಲಿ ಕೆಂಪು ರೌದ್ರದ ವರ್ಣವೆಂದೂ, ಬಿಳುಪು ಹಾಸ್ಯದ್ದೆಂದೂ, ವೃದ್ಧಾಪ್ಯದಲ್ಲಿ ಮನೆಯೊಳಗೆ ರೌದ್ರಕ್ಕಿಂತ ಹಾಸ್ಯವೇ ಹಿತವೆಂದೂ ಆಕೆಗೆ ಪಾಠ ಹೇಳಿದೆನು. ಆಕೆ ಮಾತನಾಡದೆ ಒಳಗೆ ಹೋದಳು. ಪಾಠ ಅರ್ಥವಾಯಿತೆಂದು ನಾನು ತಿಳಿದೆನು. ಮೇಷ್ಟರುಗಳ ಹಳೆಯ ಚಾಳಿ.

ಎರಡು ತಿಂಗಳಲ್ಲಿ ಮನೆ ದಂತವರ್ಣವಾಯಿತು. ಗೋಡೆ, ಕಂಬ, ಬೋದಿಗೆ, ಬಾಗಿಲುವಾಡ ಎಲ್ಲವೂ ಅದೇ ಬಣ್ಣ. ಗೂಡುಗಳನ್ನು ಇಟ್ಟಿಗೆಯಿಟ್ಟು ಮುಚ್ಚಿ ಗೋಡೆಯನ್ನು ಸಮ ಮಾಡಿದರು. ಕೆಂಪು ನೆಲವನ್ನು ಉಳಿಯಿಂದ ಕೊಚ್ಚಿ, ಅದರ ಮೇಲೆ ಮುಖ ಕಾಣುವಷ್ಟು ನುಣುಪಾದ ಬಿಳಿಯ ಟೈಲ್ಸು ಹಾಸಿದರು. ನೋಡಿದವರೆಲ್ಲರೂ ಹೊಗಳಿದರು; ನಾನೂ ಬೀಗಿದೆನು.

ಇಲ್ಲಿ ನಮ್ಮ ಮನೆಯಾಕೆಯ ಕಣ್ಣಿನ ವಿಷಯವನ್ನು ಹೇಳಬೇಕು. ಆಕೆಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಅದು ಕಣ್ಣಿನ ಹಿಂಭಾಗದ ತೆಳುವಾದ ಪಟಲದಲ್ಲಿನ ಸೂಕ್ಷ್ಮ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಲೇಸರ್ ಚಿಕಿತ್ಸೆ ಮಾಡಿದ ವೈದ್ಯರು, ಇರುವ ದೃಷ್ಟಿಯನ್ನು ಕಾಪಾಡಲು ಯತ್ನಿಸಬಹುದು, ಹೋದುದನ್ನು ತಂದುಕೊಡಲಾಗದು ಎಂದು ಮೊದಲೇ ಹೇಳಿದ್ದರು. ಆದರೂ ಆಕೆ ಹಳೆಯ ಮನೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಿದ್ದಳು. ಅದು ಅಭ್ಯಾಸಬಲವೆಂದು ನಾವು ಭಾವಿಸಿದ್ದೆವು.

ಹೊಸ ಮನೆಯಲ್ಲಿ ಒಂದು ಮಧ್ಯಾಹ್ನ ಆಕೆ ಪಡಸಾಲೆಯಿಂದ ತೊಟ್ಟಿಗಿಳಿಯುವ ಮೆಟ್ಟಿಲಿನಲ್ಲಿ ಬಿದ್ದಳು. ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಮೇಲಿನಿಂದ ಬಿಸಿಲು ಬಿದ್ದು ನೆಲವೆಲ್ಲಾ ಥಳಥಳಿಸುತ್ತಿದ್ದಿತು. ಪಡಸಾಲೆ ಎಲ್ಲಿ ಮುಗಿಯಿತು, ಮೆಟ್ಟಿಲು ಎಲ್ಲಿ ತೊಡಗಿತು ಎಂಬುದನ್ನು ನೆಟ್ಟಗಿರುವ ಕಣ್ಣೂ ಹುಡುಕಿ ನೋಡಬೇಕಾಗಿದ್ದಿತು. ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಬಗೆದು ಪಂಚೆಯನ್ನೆತ್ತಿಕೊಂಡುದೂ, ನೀರನ್ನು ನೆಲವೆಂದು ಬಗೆದು ಬಿದ್ದುದೂ ಸಭಾಪರ್ವದಲ್ಲಿದೆ. ತರಗತಿಯಲ್ಲಿ ಆ ಪ್ರಸಂಗವನ್ನು ಎಷ್ಟೋ ಸಲ ಮಕ್ಕಳನ್ನು ನಗಿಸುತ್ತ ಹೇಳಿದ್ದವನು ನಾನು. ನನ್ನ ಮನೆಯಲ್ಲಿ ನಾನೇ ಅಂಥದೊಂದನ್ನು ಹಣ ಕೊಟ್ಟು ಮಾಡಿಸಿದ್ದೆನು.

ಕೈಗೆ ಕಟ್ಟು ಹಾಕಿಸಿಕೊಂಡು ಬಂದ ರಾತ್ರಿ ಆಕೆ ಕೋಪದಿಂದಲ್ಲ, ತೀರ ಮೆಲ್ಲಗೆ ಹೇಳಿದಳು: “ಹೊಸಲಿಗೆ ಸಂಸ್ಕೃತದಲ್ಲಿ ಎಷ್ಟು ಹೆಸರಿದೆಯೋ ನೀವು ಹೇಳಬಲ್ಲಿರಿ. ನನಗೆ ಹೆಸರು ಬೇಡ, ಹೊಸಲು ಕಾಣಬೇಕು ಅಷ್ಟೆ.” ದೇಹಲೀ, ಗೃಹಾವಗ್ರಹಣೀ ಎಂಬ ಎರಡು ಮಾತುಗಳು ನನ್ನ ನಾಲಗೆಯ ತುದಿಯವರೆಗೂ ಬಂದು ಅಲ್ಲಿಯೇ ನಿಂತುವು.

ಮತ್ತೆ ಕಣ್ಣಿನ ವೈದ್ಯರಲ್ಲಿಗೆ ಹೋದಾಗ ಅವರು ಒಂದು ವಿಷಯವನ್ನು ತಿಳಿಸಿಕೊಟ್ಟರು. ಅಕ್ಷರ ಓದುವ ಶಕ್ತಿಯೇ ಬೇರೆ, ಒಂದು ವಸ್ತುವನ್ನು ಅದರ ಹಿಂದಿನದರಿಂದ ಬೇರ್ಪಡಿಸಿ ಕಾಣುವ ಶಕ್ತಿಯೇ ಬೇರೆಯಂತೆ. ಎರಡನೆಯದು ಕುಂದಿದವರಿಗೆ ಬಿಳಿಯ ನೆಲದ ಮೇಲಿನ ಬಿಳಿಯ ಮೆಟ್ಟಿಲು ಇಲ್ಲದಂತೆಯೇ. ಕೆಂಪು ನೆಲಕ್ಕೆ ಸೇರಿದ ಬಿಳಿಯ ಗೋಡೆಯಾದರೋ ಚೆನ್ನಾಗಿ ತಿಳಿಯುತ್ತದೆ. ಬಣ್ಣ ಬೇರೆಯಾದರೆ ಸಾಲದು, ಒಂದು ಕಪ್ಪಿನ ಕಡೆಗೂ ಇನ್ನೊಂದು ಬಿಳುಪಿನ ಕಡೆಗೂ ಇರಬೇಕು. ಸಮಾನ ಗಾಢತೆಯ ಕೆಂಪು-ಹಸುರುಗಳನ್ನು ಪಕ್ಕದಲ್ಲಿಟ್ಟರೆ ಮಂದದೃಷ್ಟಿಗೆ ಅವು ಒಂದೇ. ಗೃಹಸ್ಥರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು: ಸಂಜೆಯ ಹೊತ್ತು ದೀಪ ಹಚ್ಚುವ ಮುನ್ನ ಕಣ್ಣನ್ನು ಅರ್ಧ ಮುಚ್ಚಿ ನೋಡಿ, ಆಗಲೂ ಬಾಗಿಲು, ಮೆಟ್ಟಿಲು, ನೆಲದ ಅಂಚು ಬೇರೆ ಬೇರೆಯಾಗಿ ಉಳಿದರೆ ಆ ಮನೆ ಮುದುಕರಿಗೆ ಸುರಕ್ಷಿತ.

ಹಾಗಾದರೆ ಆಕೆ ಹಳೆಯ ಮನೆಯಲ್ಲಿ ನಡೆದಾಡುತ್ತಿದ್ದುದು ಬರಿಯ ಅಭ್ಯಾಸದಿಂದಲ್ಲ. ಕೆಂಪು ನೆಲ, ಅದರ ಕರಿಯ ಅಂಚು, ಗೋಡೆಯ ಬುಡದ ಜಾಜಿನ ಪಟ್ಟಿ, ಎಣ್ಣೆ ಕುಡಿದು ಕಪ್ಪಾದ ಬಾಗಿಲುವಾಡ, ಹೊಸಲಿನ ಅರಿಸಿನ-ಕುಂಕುಮ, ಇವೆಲ್ಲ ಆಕೆಗೆ ಕೈದೀಪವಾಗಿದ್ದುವು. ನಾನು ಒಂದೊಂದಾಗಿ ಅವನ್ನು ಆರಿಸಿದ್ದೆನು.

ಪಡಸಾಲೆಯನ್ನು ಮತ್ತೆ ಕೆಂಪು ಮಾಡಿಸುವುದೆಂದು ನಿಶ್ಚಯಿಸಿದೆ. ಮಗನು ಖರ್ಚನ್ನು ನೆನೆದು ಗೊಣಗಿದನಾದರೂ, ತಾಯಿಯ ಕೈಯ ಕಟ್ಟನ್ನು ನೋಡಿ ಸುಮ್ಮನಾದನು. ಈ ಕೆಲಸ ಬಲ್ಲವರು ಈಗ ವಿರಳ. ಪಕ್ಕದ ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಗಾರೆಯವನು ಸಿಕ್ಕಿದನು. ಟೈಲ್ಸು ಕೀಳಿಸಿದಾಗ ಕೆಳಗೆ ನಮ್ಮ ತಂದೆಯವರ ನೆಲ ಸಿಡುಬಿನ ಮುಖದಂತೆ ಗುಳಿಗುಳಿಯಾಗಿದ್ದಿತು. ಅವನು ಅದರ ಮೇಲೆ ಕೈಯಾಡಿಸಿ, “ಇದನ್ನು ಯಾರು ಮೇಷ್ಟ್ರೇ ಕೊಚ್ಚಿದ್ದು?” ಎಂದನು. ನಾನು ಉತ್ತರ ಕೊಡಲಿಲ್ಲ.

ಅವನ ಕೆಲಸವನ್ನು ನಾನು ಕುರ್ಚಿ ಹಾಕಿಕೊಂಡು ನೋಡಿದೆನು. ಸಿಮೆಂಟನ್ನೂ ಕೆಂಪು ಪುಡಿಯನ್ನೂ ಒಣಗಿರುವಾಗಲೇ, ಇಡೀ ಪಡಸಾಲೆಗೆ ಬೇಕಾಗುವಷ್ಟನ್ನು ಒಂದೇ ಸಲಕ್ಕೆ ಬೆರೆಸಿಟ್ಟುಕೊಂಡನು. ಎರಡು ಸಲ ಬೆರೆಸಿದರೆ ಎರಡು ಕೆಂಪಾಗುತ್ತದಂತೆ. ಈ ಪುಡಿ ಕಬ್ಬಿಣದ ತುಕ್ಕಿನ ಜಾತಿಯದು. ಸಂಸ್ಕೃತದ ಗೈರಿಕ, ನಮ್ಮ ಜಾಜು, ಇವುಗಳಿಗೆ ಬಣ್ಣ ಬಂದಿರುವುದೂ ಅದರಿಂದಲೇ. ಆಗಲೇ ತುಕ್ಕಾಗಿರುವುದು ಮತ್ತೆ ಕೆಡುವುದೇನು? ಆದುದರಿಂದಲೇ ಬಿಸಿಲಿಗೂ ಸುಣ್ಣಕ್ಕೂ ಅದು ಮಾಸದು. ಹದವಾದ ತಳದ ಮೇಲೆ ತೆಳುವಾಗಿ ಎಳೆದು, ಬಿಗಿಯುವ ಮೊದಲು ಕರಣೆಯಿಂದ ಒತ್ತಿ ಒತ್ತಿ ತೀಡಿದನು. “ಒಂದು ಅಂಕಣ ಹಿಡಿದರೆ ಅವತ್ತೇ ಮುಗಿಸಬೇಕು ಮೇಷ್ಟ್ರೇ, ನಾಳೆಗೆ ಉಳಿಸಿದರೆ ಗೆರೆ ಉಳೀತದೆ” ಎಂದು ಊಟವನ್ನೂ ಮುಂದೂಡಿದನು. ಅಂಚಿಗೆ ಒಂದು ಗೇಣಿನ ಕರಿಯ ಪಟ್ಟಿ, ಮೆಟ್ಟಿಲುಗಳ ತುದಿಗೆ ಮೂರು ಬೆರಳಗಲ ಹಳದಿ. ಮೆಟ್ಟಿಲಿನ ಮೇಲ್ಮೈಯನ್ನು ಮಾತ್ರ ತೀಡದೆ, ಕಾಲು ಜಾರದಂತೆ ಒರಟಾಗಿಯೇ ಬಿಟ್ಟನು. ಒಂದು ವಾರಕ್ಕೂ ಹೆಚ್ಚು ಕಾಲ ನೀರು ಕಟ್ಟಿ, ಆರಿದ ಮೇಲೆ ಕೊಬ್ಬರಿ ಎಣ್ಣೆಯಿಂದ ಒರೆಸಿದ್ದಾಯಿತು.

ಗೋಡೆಯ ವಿಷಯದಲ್ಲಿ ಇನ್ನೊಂದು ತೊಡಕು ಬಂದಿತು. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮರಳಿ ಕಲ್ಲಾಗುವ ವಸ್ತು. ಹೊಸ ಬಣ್ಣದ ನುಣುಪು ಪೊರೆಯ ಮೇಲೆ ಅದು ನಿಲ್ಲುವುದಿಲ್ಲ. ಪೊರೆಯನ್ನೆಲ್ಲಾ ಕೆರೆಸಿಯೇ ಸುಣ್ಣ ಬಳಿಸಬೇಕಾಯಿತು. ಮೇಲೆ ಚೂರು ನೀಲಿ ಬೆರೆತ ಸುಣ್ಣ, ಕೆಳಗೆ ಮೊಣಕಾಲೆತ್ತರಕ್ಕೆ ಕೆಂಪು ಕಾರಣೆ. ಈ ಕೆಂಪು-ಬಿಳುಪುಗಳ ಜೋಡಿ ನಮ್ಮ ನಾಡಿಗೆ ಎಷ್ಟು ಒಗ್ಗಿದುದೆಂಬುದನ್ನು ಆಗ ನೆನೆದೆನು. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಕಪ್ಪು ಬೇಕಾದರೆ ಅಕ್ಕಿಯನ್ನೇ ಸೀಯಿಸುತ್ತಾರೆ. ಕರಾವಳಿಯ ಕಾವಿ ಕಲೆಯಲ್ಲಿ ಬಿಳಿಯ ಗಾರೆಯ ಮೇಲೆ ಕೆಂಪು ಲೇಪವನ್ನು ಕೊಟ್ಟು, ಹಸಿಯಿರುವಾಗಲೇ ಕೆರೆದು ಒಳಗಿನ ಬಿಳುಪನ್ನು ಚಿತ್ರವಾಗಿ ತೆರೆಯುತ್ತಾರೆ. ರೌದ್ರದ ವರ್ಣವೆಂದು ನಾನು ಮನೆಯಿಂದಟ್ಟಿದ ಕೆಂಪು, ಇವರೆಲ್ಲರಿಗೂ ಮದುವೆಯ ಮನೆಯ ಮತ್ತು ದೇವರ ಮನೆಯ ಬಣ್ಣ. ಭರತನು ಹೇಳಿದುದು ನಾಟ್ಯಮಂಟಪಕ್ಕೆ. ಅದನ್ನು ಪಡಸಾಲೆಗೆ ತಂದುದು ನನ್ನ ಅವಿವೇಕ. ಮನೆಗೆ ಬೇಕಾದ ಶಾಸ್ತ್ರ ಬೇರೆಯೇ ಇದೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ವಾಸದ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತ ರಸಗಳ ಚಿತ್ರಗಳನ್ನೇ ಬರೆಯಬೇಕೆನ್ನುತ್ತದೆ. ಉಳಿದವು ಅರಮನೆಗೂ ದೇವಾಲಯಕ್ಕೂ. ಆದರೆ ನಾನು ಇದನ್ನು ಮನೆಯಲ್ಲಿ ಹೇಳಲು ಹೋಗಲಿಲ್ಲ.

ಬಾಗಿಲುವಾಡದ ಬಣ್ಣವನ್ನು ನಾನೇ ಉಪ್ಪುಕಾಗದ ಹಿಡಿದು ತಿಕ್ಕಿದೆನು. ಹನ್ನೆರಡು ದಿನವಾಯಿತು. ಹಳೆಯ ಹೊನ್ನೆಯ ಮರ ಹೊರಬಿದ್ದಾಗ, ಎಡಗಂಬದಲ್ಲಿ ನಮ್ಮ ತಾಯಿ ಹಾಲಿನವನ ಲೆಕ್ಕಕ್ಕೆಂದು ಕೊರೆದಿದ್ದ ಸಣ್ಣ ಗೀರುಗಳೂ ಕಂಡುವು. ಮುಚ್ಚಿದ್ದ ಗೂಡುಗಳಲ್ಲಿ ಮೂರನ್ನು ತೆರೆಸಿ, ಒಳಗೆ ದಟ್ಟವಾದ ಹಸುರು ಬಳಿಸಿದೆವು. ಬಿಳಿಯ ಗೋಡೆಯಲ್ಲಿ ಅವು ಈಗ ದೂರದಿಂದಲೇ ತಿಳಿಯುತ್ತವೆ. ನಾಲ್ಕನೆಯದರಲ್ಲಿ ವಿದ್ಯುತ್ತಿನ ತಂತಿ ಹಾಯ್ದಿರುವುದರಿಂದ ಅದು ಹಾಗೆಯೇ ಮುಚ್ಚಿಕೊಂಡಿದೆ. ಅಡಿಗೆಮನೆಯ ಬಿಳಿಯ ನೆಲವನ್ನು ಬದಲಿಸಲು ಹಣ ಸಾಲಲಿಲ್ಲ. ಅಲ್ಲಿ ಬಾಗಿಲಿನಿಂದ ಒಲೆಯವರೆಗೆ ಒಂದು ಕರಿಯ ಚಾಪೆಯನ್ನು ಹಾಸಿದ್ದೇವೆ.

ಕೆಲಸವೆಲ್ಲಾ ಮುಗಿದ ದಿನ ಸಂಜೆ ಆಕೆ ಎಡಗೈಯಲ್ಲಿ ದೀಪ ಹಿಡಿದು ಒಬ್ಬಳೇ ಪಡಸಾಲೆಗೆ ಬಂದಳು. ನಾನು ಏಳಹೋದೆನು, ಬೇಡವೆಂದು ತಲೆಯಾಡಿಸಿದಳು. ಕರಿಯ ಪಟ್ಟಿಯ ಪಕ್ಕದಲ್ಲಿಯೇ ನಡೆದು, ಗೂಡಿನಲ್ಲಿ ದೀಪವನ್ನಿಟ್ಟು, ತೊಟ್ಟಿಯ ಕಡೆಗೆ ತಿರುಗಿ ಮೆಟ್ಟಿಲ ಬಳಿ ನಿಂತು ಬಾಗಿ ನೋಡಿದಳು.

“ಏನ್ರೀ, ಎರಡನೆಯ ಮೆಟ್ಟಿಲಿನ ಹಳದಿ ಸೊಟ್ಟಗಿದೆಯಲ್ಲ?”

ನಾನು ಕನ್ನಡಕ ಹಾಕಿಕೊಂಡು ಹೋಗಿ ನೋಡಿದೆನು. ಸೊಟ್ಟಗೇ ಇದ್ದಿತು, ಮುದುಕನ ಕೈ ಅಲ್ಲಿ ನಡುಗಿರಬೇಕು. ಅದುವರೆಗೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. “ನಾಳೆ ಅವನನ್ನು ಕರೆಸಿ ಸರಿ ಮಾಡಿಸುತ್ತೇನೆ” ಎಂದೆ. “ಬೇಡ, ಇರಲಿ ಬಿಡಿ, ಗುರುತಾಗುತ್ತದೆ” ಎಂದು ಹೇಳಿ ಆಕೆ ಮೆಟ್ಟಿಲಿಳಿದು ತುಳಸಿಗೆ ನೀರು ಹಾಕಲು ಹೋದಳು.