ತಗಡಿನ ಪಾತ್ರೆ

ಪದಕವೆಂದರೆ ಹೆಚ್ಚು ಮಂದಿ ಶತ್ರುಗಳನ್ನು ಕೊಂದ ವೀರನಿಗೆ ಸಲ್ಲುವ ಬಹುಮಾನವೆಂದೇ ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ. ಬಹುಕಾಲ ನನ್ನಲ್ಲಿ ಉಳಿದಿದ್ದ ಆ ತಿಳಿವಳಿಕೆಯನ್ನು ತಿದ್ದಿದವರು ಎಮಿಲ್ ಕಪಾನ್ ಎಂಬ ಕ್ಯಾಥೊಲಿಕ್ ಪಾದ್ರಿಗಳು.

ಅಮೆರಿಕದ ಕಾನ್ಸಾಸ್ ಸೀಮೆಯ ಪಿಲ್ಸನ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1916ರಲ್ಲಿ ಜನಿಸಿದ ಇವರು ಸೈನ್ಯದ ಧರ್ಮಗುರುಗಳಾಗಿ ಬರ್ಮಾ ಮತ್ತು ಭಾರತಗಳಲ್ಲಿಯೂ ಕೆಲಕಾಲ ಸೇವೆ ಸಲ್ಲಿಸಿದ್ದರು. ಮುಂದೆ ಕೊರಿಯಾದ ಯುದ್ಧ ಬಂದಿತು. 1950ರ ನವೆಂಬರ್ ತಿಂಗಳ ಮೊದಲಲ್ಲಿ ಉನ್ಸಾನ್ ಎಂಬಲ್ಲಿ ಚೀನೀ ಸೇನೆ ಇವರ ದಳವನ್ನು ಸುತ್ತುಗಟ್ಟಿತು. ಪಾರಾಗುವ ಅವಕಾಶವಿದ್ದರೂ ಗಾಯಾಳುಗಳನ್ನು ತೊರೆಯಲೊಪ್ಪದೆ ಕಪಾನರು ಸೆರೆಸಿಕ್ಕರು. ಅಲ್ಲಿ ಹರ್ಬರ್ಟ್ ಮಿಲ್ಲರ್ ಎಂಬ ಸಾರ್ಜೆಂಟ್ ಕಾಲು ಮುರಿದು ಬಿದ್ದಿದ್ದರು. ಶತ್ರುಸೈನಿಕನೊಬ್ಬ ಅವರತ್ತ ಬಂದೂಕು ಹಿಡಿದು ನಿಂತಿದ್ದ. ಕಪಾನರು ನೇರವಾಗಿ ನಡೆದುಹೋಗಿ ಬಂದೂಕನ್ನು ಪಕ್ಕಕ್ಕೆ ತಳ್ಳಿದರು. ಮಿಲ್ಲರರನ್ನು ಎತ್ತಿಕೊಂಡು ಹೊರಟರು. ಸೈನಿಕ ಗುಂಡು ಹಾರಿಸಲಿಲ್ಲ. ಬರಿಗೈಯಲ್ಲಿ ಎದುರು ಬಂದವನನ್ನು ಕಂಡು ಅವನೂ ಬೆರಗಾದನೋ ಏನೋ!

ಇಷ್ಟೇ ಆಗಿದ್ದರೆ ಅದನ್ನು ಒಂದು ಗಳಿಗೆಯ ಧೈರ್ಯವೆನ್ನಬಹುದಿತ್ತು. ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅನಂತರದ ತಿಂಗಳುಗಳತ್ತ. ಯಾಲು ನದಿಯ ದಡದ ಪ್ಯೋಕ್‌ತಾಂಗ್ ಸೆರೆಶಿಬಿರದಲ್ಲಿ ಕೊರೆಯುವ ಚಳಿ, ಹಸಿವು, ಹೇನಿನ ಕಾಟ. ಕಪಾನರು ಮುರಿದ ಮನೆಗಳ ತಗಡನ್ನು ಕಲ್ಲಿನಿಂದ ಬಡಿದು ಪಾತ್ರೆ ಮಾಡಿದರು. ಅದರಲ್ಲಿ ನೀರು ಕಾಯಿಸಿ ರೋಗಿಗಳಿಗೆ ಕುಡಿಸಿದರು. ಅವರ ಹೊಲಸು ಬಟ್ಟೆಗಳನ್ನು ಒಗೆದರು. ಕಾವಲಿನವರ ಕಣ್ಣು ತಪ್ಪಿಸಿ ದವಸವನ್ನೂ ಕದ್ದರು. ಕದಿಯಲು ಹೊರಡುವ ಮೊದಲು, ಏಸುವಿನೊಡನೆ ಶಿಲುಬೆಗೇರಿದ ಒಳ್ಳೆಯ ಕಳ್ಳ ಸಂತ ಡಿಸ್ಮಾಸನನ್ನು ಪ್ರಾರ್ಥಿಸುತ್ತಿದ್ದರಂತೆ. ಗುರುಗಳೇ ಕಳ್ಳರಾದ ಈ ಪ್ರಸಂಗದಲ್ಲಿ ನನಗೆ ಅವರ ಗುರುತನವೇ ಹೆಚ್ಚಾಗಿ ಕಾಣುತ್ತದೆ. 1951ರ ಮೇ 23ರಂದು, ಮೂವತ್ತೈದನೆಯ ವಯಸ್ಸಿನಲ್ಲಿ, ಅವರು ಅದೇ ಶಿಬಿರದಲ್ಲಿ ತೀರಿಕೊಂಡರು.

ಬದುಕುಳಿದು ಬಂದ ಸೆರೆಯಾಳುಗಳು ಅವರನ್ನು ಮರೆಯಲಿಲ್ಲ. ಅವರಿಗೆ ಅತ್ಯುನ್ನತ ಗೌರವ ದೊರೆಯಬೇಕೆಂದು ದಶಕಗಳ ಕಾಲ ಹೇಳುತ್ತಲೇ ಬಂದರು. ಕೊನೆಗೆ 2013ರ ಏಪ್ರಿಲ್ 11ರಂದು ರಾಷ್ಟ್ರಾಧ್ಯಕ್ಷ ಬರಾಕ್ ಒಬಾಮಾ ಅವರು ಮೆಡಲ್ ಆಫ್ ಆನರ್ ಪದಕವನ್ನು ಕಪಾನರ ತಮ್ಮನ ಮಗನ ಕೈಗಿತ್ತರು. ಅವರ ಅವಶೇಷಗಳನ್ನು ಗುರುತಿಸಿದ್ದು ಇನ್ನೂ ತಡವಾಗಿ, 2021ರಲ್ಲಿ.

ಪದಕದ ಜೊತೆಗಿನ ಪ್ರಶಸ್ತಿಪತ್ರದಲ್ಲಿ ಉನ್ಸಾನಿನ ಎರಡು ದಿನಗಳ ಕಾರ್ಯವಷ್ಟೇ ಇದೆ. ತಗಡಿನ ಪಾತ್ರೆಯ ಮಾತು ಅಲ್ಲಿಲ್ಲ. ಆದರೆ ಅಂದು ಆ ಸಭೆಯಲ್ಲಿ, ಅರವತ್ತೆರಡು ವರ್ಷಗಳ ಹಿಂದೆ ಕಪಾನರು ಎತ್ತಿಕೊಂಡು ನಡೆದ ಹರ್ಬರ್ಟ್ ಮಿಲ್ಲರ್ ಕುಳಿತಿದ್ದರು.