ಎರಡು ದಿನ ತಡವಾಗಿ ಹತ್ತಿದ ಕಂಟೇನರ್

ಬ್ಯಾಂಕಿನ ಎಕ್ಸ್‌ಪೋರ್ಟ್ ಡೆಸ್ಕಿನಲ್ಲಿ ಕೂತವನಿಗೆ ಸಮುದ್ರ ಕಾಣಿಸುವುದಿಲ್ಲ. ಮುಂಬೈಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಅದರಲ್ಲಿ ಹಡಗು ನೋಡಿದ್ದು ಕಡಿಮೆ, ಹಡಗಿನ ಕಾಗದ ನೋಡಿದ್ದಕ್ಕೆ ಲೆಕ್ಕ ಇಟ್ಟಿಲ್ಲ.

ರಫ್ತು ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಗೋಡಂಬಿ, ಕಾಫಿ, ಕಬ್ಬಿಣದ ಅದಿರು. ಆದರೆ ನಾವು ಆಫೀಸಿನಲ್ಲಿ ದಿನಾ ಮುಟ್ಟುವ ರಿಜಿಸ್ಟರು, ಬಾಕ್ಸ್ ಫೈಲು, ಬಾಲ್ ಪೆನ್ನು, ಸ್ಟೇಪ್ಲರ್ ಪಿನ್ನು, ಇವೂ ಕಂಟೇನರ್ ತುಂಬಿ ನ್ಹಾವಾ ಶೇವಾದಿಂದ ಆಫ್ರಿಕಾಕ್ಕೆ ಹೋಗುತ್ತವೆ. ಒಂದೇ ಮೇಜಿನ ಮೇಲಿರುವ ಸಾಮಾನು, ಆದರೆ ಕಸ್ಟಮ್ಸಿನವರ ಪಟ್ಟಿಯಲ್ಲಿ ರಿಜಿಸ್ಟರು 4820, ಪೆನ್ನು 9608, ಸ್ಟೇಪ್ಲರ್ ಪಿನ್ನು 8305, ಸ್ಟೇಪ್ಲರ್ 8472. ಗೃಹಸ್ಥರ ಮನೆಯಲ್ಲಿ ಒಟ್ಟಿಗಿದ್ದು ರೇಷನ್ ಕಾರ್ಡಿನಲ್ಲಿ ಬೇರೆಯಾದ ಅಣ್ಣತಮ್ಮಂದಿರ ಹಾಗೆ!

ಇದನ್ನೆಲ್ಲ ನನಗೆ ಕಲಿಸಿದವರು ಒಬ್ಬ ಶೆಟ್ರು. ಕುಂದಾಪುರದ ಕಡೆಯವರು. ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಸ್ಟೇಶನರಿಯ ಹೋಲ್‌ಸೇಲ್ ಅಂಗಡಿ. ನನಗಿಂತ ಹದಿನೈದು ವರ್ಷ ದೊಡ್ಡವರು. ಬ್ರಾಂಚಿಗೆ ಬಂದರೆ ಮ್ಯಾನೇಜರನ್ನು ಬಿಟ್ಟು ನೇರ ನನ್ನ ಮೇಜಿಗೆ ಬಂದು ಕೂರುತ್ತಿದ್ದರು. ಕನ್ನಡ ಮಾತಾಡಲಿಕ್ಕೆ ಒಬ್ಬ ಸಿಕ್ಕಿದ ಅಂತ ಅವರಿಗೆ ಖುಷಿ, ನನಗೂ ಖುಷಿ.

ಕಂಟೇನರ್ ತುಂಬುವುದೂ ಒಂದು ವಿದ್ಯೆ ಅಂತ ಅವರಿಂದಲೇ ತಿಳಿದದ್ದು. ಇಪ್ಪತ್ತು ಅಡಿಯ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗ. ಕಾಗದ ನೋಡಲಿಕ್ಕೆ ಹಗುರ, ಆದರೆ 80 ಜಿಎಸ್ಎಂನ ಎ4 ಕಾಗದದ ಒಂದು ರೀಮು ಎರಡೂವರೆ ಕಿಲೋ ತೂಗುತ್ತದೆ. ಐದು ರೀಮಿನ ಡಬ್ಬ ಹನ್ನೆರಡೂವರೆ ಕಿಲೋ. ಬಾಕ್ಸ್ ಫೈಲು ಇದಕ್ಕೆ ಉಲ್ಟಾ. "ಅದು ಗಾಳಿ ಮಾರಾಯ್ರೆ, ಗಾಳಿಗೆ ಬಾಡಿಗೆ ಕೊಡ್ಬೇಕು" ಅನ್ನುತ್ತಿದ್ದರು. ನಿಜವೇ. ಪೂರ್ತಿ ಕಂಟೇನರ್ ತುಂಬದೆ ಬೇರೆಯವರ ಮಾಲಿನ ಜೊತೆ ಕಳಿಸಿದರೆ, ಒಂದು ಟನ್ನೋ ಒಂದು ಘನ ಮೀಟರೋ, ಯಾವುದು ಹೆಚ್ಚೋ ಅದರ ಲೆಕ್ಕದಲ್ಲಿ ಬಾಡಿಗೆ. ಹಾಗಾಗಿ ರಿಜಿಸ್ಟರು ಕೆಳಗೆ, ಫೈಲು ಮೇಲೆ ಇಟ್ಟು ಇಡೀ ಕಂಟೇನರ್ ಹಿಡಿಯುವುದು ಅವರ ಪದ್ಧತಿ.

ಆಮೇಲೆ ತೇವ. ಹಗಲು ಕಾದ ಕಂಟೇನರ್ ರಾತ್ರಿ ತಣ್ಣಗಾದರೆ ಒಳಗಿನ ತಗಡಿಗೆ ನೀರು ಹನಿ ಕಟ್ಟಿ ಡಬ್ಬದ ಮೇಲೆ ಬೀಳುತ್ತದೆ. ಅದಕ್ಕೆ ತೇವ ಹೀರುವ ಚೀಲ ನೇತು ಹಾಕಬೇಕು. ಮರದ ಪ್ಯಾಲೆಟ್ ಇಟ್ಟರೆ ಅದನ್ನು ಒಳಗಿನವರೆಗೂ 56 ಡಿಗ್ರಿ ತಲುಪಿಸಿ ಅರ್ಧ ಗಂಟೆ ಬಿಸಿ ಮಾಡಿ ಮುದ್ರೆ ಹಾಕಿಸಬೇಕು, ಇಲ್ಲವೇ ಹೊಗೆ ಹಾಕಿಸಬೇಕು. ಇಲ್ಲಿನ ಹುಳ ಅಲ್ಲಿನ ಕಾಡಿಗೆ ಹೋಗಬಾರದು. ಬೇಗ ಬೆಂಕಿ ಹಿಡಿಯುವ ದ್ರಾವಕ ಇರುವ ಕರೆಕ್ಷನ್ ಫ್ಲೂಯಿಡ್ ಅಪಾಯಕಾರಿ ಸರಕು, ಅದಕ್ಕೆ ಬೇರೆಯೇ ಕಾಗದಪತ್ರ. ಶೆಟ್ರು ಅದರ ತಂಟೆಗೇ ಹೋಗುತ್ತಿರಲಿಲ್ಲ.

2012ರಲ್ಲಿ ಅವರಿಗೆ ಮೊಂಬಾಸಾದಿಂದ ಒಂದು ಒಳ್ಳೆಯ ಆರ್ಡರ್ ಬಂತು. ಸುಮಾರು 22 ಲಕ್ಷದ ಮಾಲು. ಕೀನ್ಯಾದಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ, ಆಫೀಸುಗಳಿಗೂ ಹೊಸ ವರ್ಷದ ರಿಜಿಸ್ಟರು ಬೇಕು. ಮಾಲು ಕೊಳ್ಳಲಿಕ್ಕೆ ನಮ್ಮ ಬ್ಯಾಂಕಿನಿಂದಲೇ ಪ್ಯಾಕಿಂಗ್ ಕ್ರೆಡಿಟ್ ತೆಗೆದುಕೊಂಡರು. ಅದಕ್ಕೆ ಡೊಂಬಿವಲಿಯ ಮನೆ ಅಡವು. ಮಾಲು ಕೊಳ್ಳುವವನು ಲೆಟರ್ ಆಫ್ ಕ್ರೆಡಿಟ್ ತೆರೆದಿದ್ದ. ಹಡಗು ಹತ್ತಿಸಲು ಕೊನೆಯ ದಿನ ನವೆಂಬರ್ 15.

ಹದಿಮೂರನೇ ತಾರೀಕು ಶಿಪ್ಪಿಂಗ್ ಕಂಪನಿಯವರು ಈ ಹಡಗಿನಲ್ಲಿ ಜಾಗ ಇಲ್ಲ, ಮುಂದಿನದರಲ್ಲಿ ಅಂದರು. ಶೆಟ್ರು ಮೊಂಬಾಸಾಕ್ಕೆ ಫೋನ್ ಮಾಡಿದರು. "ಕಳಿಸಿ, ತೊಂದರೆ ಇಲ್ಲ" ಅಂದನಂತೆ ಅವನು. ತಾರೀಕು ತಿದ್ದಿಸಿಕೊಳ್ಳಿ, ಬಾಯಿಮಾತು ಬೇಡ ಅಂತ ನಾನು ಹೇಳಿದೆ. ಅವರು ಕೇಳಿಯೂ ಕೇಳಿದರು, ಅಲ್ಲಿಂದ ತಿದ್ದುಪಡಿ ಬರಲಿಲ್ಲ. ಕಂಟೇನರ್ ಹದಿನೇಳಕ್ಕೆ ಹಡಗು ಹತ್ತಿತು.

ಮರುದಿನ ಶೆಟ್ರು ಬಂದು ದನಿ ತಗ್ಗಿಸಿ ಹೇಳಿದರು: "ಏಜೆಂಟ್ ಒಂದು ಇಂಡೆಮ್ನಿಟಿ ಕಾಗದ ಕೊಟ್ರೆ ಬಿಲ್ ಆಫ್ ಲೇಡಿಂಗಲ್ಲಿ ಹದಿನೈದು ಅಂತ್ಲೇ ಹಾಕಿಸ್ತೆ ಅಂತ. ಎರಡು ದಿನ ಅಲ್ದಾ ಮಾರಾಯ್ರೆ? ನೀವು ನಮ್ಮವ್ರು, ಕಣ್ಣು ಮುಚ್ಚಿದ್ರೆ ಸಾಕು."

ಬಿಲ್ ಆಫ್ ಲೇಡಿಂಗ್ ಅಂದರೆ ಬರೀ ರಸೀದಿ ಅಲ್ಲ. ಸಾಮಾನ್ಯವಾಗಿ ಮೂರು ಮೂಲ ಪ್ರತಿ ಇರುತ್ತವೆ, ಅದು ಯಾರ ಕೈಯಲ್ಲಿದೆಯೋ ಮಾಲು ಅವರದು. ಬ್ಯಾಂಕು ನೋಡುವುದು ಕಾಗದವನ್ನು, ಮಾಲನ್ನಲ್ಲ. 2007ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮ ಹೇಳುವುದೂ ಅದನ್ನೇ. ಮಾಲನ್ನು ಕಾಣದೆ ಲಕ್ಷಗಟ್ಟಲೆ ಹಣ ಕೊಡುವ ಈ ವ್ಯವಹಾರ ನಿಂತಿರುವುದು ಕಾಗದದ ಮೇಲಿನ ತಾರೀಕು ನಿಜ ಅನ್ನುವ ನಂಬಿಕೆಯ ಮೇಲೆ. ಅದನ್ನು ತಿದ್ದಿದರೆ ಮೋಸ, ಎರಡು ದಿನವಾದರೂ ಅಷ್ಟೇ, ಎರಡು ತಿಂಗಳಾದರೂ ಅಷ್ಟೇ. ಹಡಗು ಯಾವತ್ತು ಬಂದರು ಬಿಟ್ಟಿತು ಅಂತ ಯಾರು ಬೇಕಾದರೂ ಪತ್ತೆ ಮಾಡಬಹುದು. ಸಿಕ್ಕಿಬಿದ್ದರೆ ಶೆಟ್ರೂ ಕೋರ್ಟಿಗೆ ಹೋಗಬೇಕಾದೀತು.

ಆಗುವುದಿಲ್ಲ ಅಂದೆ. ಇದ್ದ ತಾರೀಕಿನಲ್ಲೇ ಕಾಗದ ಕಳಿಸಿದೆವು. ಐದು ಬ್ಯಾಂಕಿಂಗ್ ದಿನದೊಳಗೆ ಅಲ್ಲಿನ ಬ್ಯಾಂಕಿನಿಂದ ಉತ್ತರ ಬಂತು: ತಡವಾದ ಶಿಪ್‌ಮೆಂಟ್, ಆದ್ದರಿಂದ ಹಣ ಕೊಡುವುದಿಲ್ಲ. ಫೋನಿನಲ್ಲಿ ತೊಂದರೆ ಇಲ್ಲ ಅಂದಿದ್ದವನು ಈಗ ಶೇಕಡಾ 12 ಡಿಸ್ಕೌಂಟ್ ಕೇಳಿದ. ಕಂಟೇನರ್ ಮೊಂಬಾಸಾ ತಲುಪಿ ಬಂದರಿನಲ್ಲಿ ನಿಂತಿತ್ತು, ಬಿಟ್ಟಿ ದಿನಗಳು ಮುಗಿದು ದಿನದ ಬಾಡಿಗೆ ಓಡಲಿಕ್ಕೆ ಶುರು. ವಾಪಸು ತರಿಸಿದರೆ ಇನ್ನೂ ನಷ್ಟ. ಕೊನೆಗೆ ಶೇಕಡಾ 7ಕ್ಕೆ ಒಪ್ಪಂದವಾಯ್ತು. ಒಂದೂವರೆ ಲಕ್ಷದ ಮೇಲೆ ಹೋಯಿತು. ಅವರ ಲಾಭವೇ ಶೇಕಡಾ ಒಂಬತ್ತೋ ಹತ್ತೋ ಇತ್ತು. ಸಾಲ ತೀರಿತು, ಮನೆ ಉಳಿಯಿತು. ಅಷ್ಟೇ.

ಆಮೇಲೆ ಎಂಟು ತಿಂಗಳು ಶೆಟ್ರು ನನ್ನ ಮೇಜಿನ ಕಡೆ ತಿರುಗಲಿಲ್ಲ. ಪಕ್ಕದ ಕೌಂಟರಿನಲ್ಲಿ ಮರಾಠಿಯಲ್ಲಿ ಮಾತಾಡಿ ಹೋಗುತ್ತಿದ್ದರು. ಅವರು ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಊರು ಬಿಟ್ಟು ಬಂದವರಿಗೆ "ನಮ್ಮವ್ರು" ಅನ್ನುವ ಮಾತಿನ ಬೆಲೆ ಗೊತ್ತು. ಆ ಮಾತಿನಲ್ಲಿ ಎರಡು ದಿನದ ರಿಯಾಯಿತಿಯೂ ಸೇರಿದೆ ಅಂತ ಅವರು ತಿಳಿದಿದ್ದರು. ನನ್ನ ಪ್ರಕಾರ ಸೇರಿಲ್ಲ. ಇವತ್ತೂ ಹಾಗೆಯೇ ಅನ್ನಿಸುತ್ತದೆ, ಹಾಗಂತ ಅವರ ಒಂದೂವರೆ ಲಕ್ಷ ಮರೆತುಹೋಗಿಲ್ಲ.

ಈಗ ಎಷ್ಟೋ ಬದಲಾಗಿದೆ. 2016ರ ಜುಲೈನಿಂದ ತುಂಬಿದ ಕಂಟೇನರಿನ ತೂಕ ಖಚಿತಪಡಿಸದೆ ಹಡಗು ಹತ್ತಿಸುವ ಹಾಗಿಲ್ಲ. 1856ರ ಬಿಲ್ ಆಫ್ ಲೇಡಿಂಗ್ ಕಾಯ್ದೆ ಹೋಗಿ 2025ರಲ್ಲಿ ಹೊಸದು ಬಂದಿದೆ. ಹಡಗು ತಪ್ಪುವುದು ಮಾತ್ರ ಮೊದಲಿನ ಹಾಗೇ ಇದೆ.

ನಿಮ್ಮ ಮಕ್ಕಳೋ ಪರಿಚಯದವರೋ ಇಂಥ ಸಣ್ಣ ರಫ್ತಿಗೆ ಇಳಿಯುವುದಾದರೆ ಒಂದು ಮಾತು ಹೇಳಿ. ದರದ ಚೌಕಾಸಿ ಆಮೇಲೆ ಮಾಡಲಿ, ಮೊದಲು ತಾರೀಕಿನ ಚೌಕಾಸಿ ಮಾಡಲಿ. ಎಲ್‌ಸಿ ತೆರೆಯುವ ಮೊದಲೇ ಅದರ ಕರಡು ತರಿಸಿಕೊಂಡು ಬ್ಯಾಂಕಿನಲ್ಲಿ ತೋರಿಸಲಿ. ತೆರೆದ ಮೇಲೆ ತಿದ್ದುಪಡಿ ಬೇಕಾದರೆ ಅದು ಕೈಗೆ ಬರುವ ತನಕ ಮಾಲು ಹತ್ತಿಸದಿರಲಿ.

ಶೆಟ್ರ ಅಂಗಡಿ ಈಗ ಅವರ ಮಗ ನೋಡಿಕೊಳ್ಳುತ್ತಾನೆ. ಹೋದ ವರ್ಷ ಒಂದು ಎಲ್‌ಸಿಯ ಕರಡು ಹಿಡಿದು ಬಂದಿದ್ದ. ಶಿಪ್‌ಮೆಂಟ್ ತಾರೀಕಿನ ಸುತ್ತ ಪೆನ್ಸಿಲಿನಲ್ಲಿ ಒಂದು ಗುಂಡು, ಪಕ್ಕದಲ್ಲಿ ಕನ್ನಡದಲ್ಲಿ "ಇನ್ನೂ 20 ದಿನ ಕೇಳು" ಅಂತ ಬರೆದಿತ್ತು. ಕೆಳಗೆ ಇನ್ನೊಂದು ಸಾಲು: "ಅವರಿಗೆ ತೋರಿಸಿಯೇ ಸಹಿ ಹಾಕು."