ಕೈಗಳು ಮಾತಾಡಲಿ, ತಡೆಯಬೇಡಿ



ನಿಮ್ಮ ಮನೆಯಲ್ಲೋ ನೆಂಟರಲ್ಲೋ ಕಿವಿ ಕೇಳಿಸದ ಮಗುವಿದೆಯೇ? ಹಾಗಿದ್ದರೆ ಈ ಮಾತುಗಳು ನಿಮಗಾಗಿ.

ನಾನು ಹಿರಿಯೂರಿನವಳು. ನನ್ನ ಅಕ್ಕನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅವಳಿಗೀಗ ಇಪ್ಪತ್ತು. ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಮದುವೆಯಿದ್ದರೆ "ಅವಳಿಗೇನು ತಿಳಿಯುತ್ತದೆ?" ಎಂದು ನಾನಿಯ ಜೊತೆ ಮನೆಯಲ್ಲೇ ಬಿಟ್ಟುಹೋಗುತ್ತಾರೆ. ನೆಂಟರೆದುರು ಸನ್ನೆ ಮಾಡಿದರೆ ಮೆಲ್ಲಗೆ ಕೈ ಹಿಡಿದು ತಡೆಯುತ್ತಾರೆ. ಅಂಥವಳು ಈಚೆಗೆ, ವಿದೇಶದಲ್ಲಿ ನಡೆಯುವ ಕಿವುಡ ಯುವಜನರ ಶಿಬಿರಕ್ಕೆ ಹೋಗಬೇಕೆಂಬ ಆಸೆ ತೋಡಿಕೊಂಡಳು. "ಇಲ್ಲಿಯವರ ಮಾತೇ ತಿಳಿಯದವಳು ಅಲ್ಲಿಯವರೊಡನೆ ಏನು ಮಾತಾಡುತ್ತಾಳೆ?" ಎಂದರು ಭಾವ.

ನಿಜವಾಗಿ ಅವಳು ಅಲ್ಲಿಯೇ ಹೆಚ್ಚು ಮಾತಾಡುತ್ತಾಳೆ. ಸನ್ನೆ ಭಾಷೆ ಜಗತ್ತಿಗೆಲ್ಲ ಒಂದೇ ಅಲ್ಲ. ಇಂಗ್ಲಿಷ್ ಅಕ್ಷರಗಳನ್ನು ನಮ್ಮ ಭಾರತೀಯ ಸನ್ನೆಯಲ್ಲಿ ಎರಡು ಕೈಗಳಿಂದ ತೋರಿಸಿದರೆ ಅಮೆರಿಕದವರು ಒಂದೇ ಕೈಯಿಂದ ತೋರಿಸುತ್ತಾರೆ. ಆದರೂ ಬೇರೆ ಬೇರೆ ದೇಶದ ಕಿವುಡರು ಎದುರುಬದುರು ಕುಳಿತರೆ ಮುಖಭಾವ, ಅಭಿನಯ, ಪರಸ್ಪರರ ಸನ್ನೆಗಳನ್ನು ಬೆರೆಸಿ ಕೆಲವೇ ದಿನಗಳಲ್ಲಿ ಹರಟತೊಡಗುತ್ತಾರೆ. 1951ರಲ್ಲಿ ರೋಮಿನಲ್ಲಿ ಹುಟ್ಟಿದ ವಿಶ್ವ ಕಿವುಡರ ಒಕ್ಕೂಟದ ಯುವ ವಿಭಾಗವು ನಾಲ್ಕು ವರ್ಷಕ್ಕೊಮ್ಮೆ ನಡೆಸುವ ಶಿಬಿರದಲ್ಲಿ 18ರಿಂದ 30 ವಯಸ್ಸಿನವರು ಸೇರುವುದು ಹೀಗೆಯೇ.

ಅಷ್ಟು ದೂರವೇಕೆ? ನಮ್ಮ ಗೌರಿಬಿದನೂರು ತಾಲೂಕಿನ ಅಲೀಪುರವನ್ನೇ ನೋಡಿ. ಮುಸ್ಲಿಮರೇ ಹೆಚ್ಚಾಗಿರುವ ಈ ಊರಿನಲ್ಲಿ ತಲೆಮಾರುಗಳಿಂದ ಕಿವುಡ ಮಕ್ಕಳು ಹುಟ್ಟುತ್ತಿದ್ದಾರೆ. ಅಲ್ಲಿ ತಾನಾಗಿಯೇ ಒಂದು ಸನ್ನೆ ಭಾಷೆ ಬೆಳೆದಿದೆ. ಕಿವಿ ಕೇಳಿಸುವ ನೆರೆಹೊರೆಯವರಲ್ಲೂ ಅದನ್ನು ಬಲ್ಲವರು ಅನೇಕರು. ಸ್ವತಃ ಕಿವುಡರಾದ ಸಂಶೋಧಕ ಸಿಬಾಜಿ ಪಾಂಡಾ ಆ ಭಾಷೆಯನ್ನು ಅಧ್ಯಯನ ಮಾಡಿದರು. 2012ರಲ್ಲಿ ಪ್ರಕಟವಾದ, ಹಳ್ಳಿಗಳ ಸನ್ನೆ ಭಾಷೆಗಳ ಕುರಿತ ಗ್ರಂಥದಲ್ಲಿ ಅವರ ಬರಹವಿದೆ. ಹೀಗೆ ನಮ್ಮ ಹಳ್ಳಿಯ ಸನ್ನೆ ಜಗತ್ತಿನ ವಿದ್ವಾಂಸರನ್ನು ತಲುಪಿತು. ನಾವಾದರೋ ನಮ್ಮ ಮಕ್ಕಳ ಸನ್ನೆಗೆ ನಾಚುತ್ತೇವೆ!

ಮಾತು ಬಾರದವರು ಸ್ಪಷ್ಟ ಸನ್ನೆಯಿಂದ ನಿಕಾಹ್‌ಗೆ ಒಪ್ಪಿಗೆ ಕೊಟ್ಟರೆ ಅದು ಸಿಂಧುವೆಂದು ನಮ್ಮ ಧರ್ಮಪಂಡಿತರು ಹೇಳಿದ್ದಾರೆ. ಅಷ್ಟು ದೊಡ್ಡ ಕರಾರಿಗೆ ಸಲ್ಲುವ ಸನ್ನೆ, ಊಟದ ತಟ್ಟೆಯ ಮುಂದೆ ಸಲ್ಲದೇ?

ಇದನ್ನೆಲ್ಲ ಕೇಳಿದ ಭಾವ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಲು ಅಡ್ಡಿಯೆನ್ನಲಿಲ್ಲ. ಅವಳ ಅಣ್ಣ ಜೊತೆಗೆ ಹೋಗಲು ಸಿದ್ಧನಿದ್ದಾನೆ.

ಸಹೋದರಿಯರೇ, ಎಲ್ಲರ ಮಕ್ಕಳೂ ವಿದೇಶಕ್ಕೆ ಹೋಗಲಾರರು. ಆದರೆ ಮನೆಯವರು ಸನ್ನೆ ಕಲಿಯಬಹುದು. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸನ್ನೆ ಭಾಷಾ ಕೇಂದ್ರವು 10,000 ಪದಗಳ ನಿಘಂಟನ್ನು ವೀಡಿಯೋ ರೂಪದಲ್ಲಿ ಸಿದ್ಧಪಡಿಸಿದೆ. ಮೊಬೈಲಿನಲ್ಲೇ ನೋಡಬಹುದು. ದಿನಕ್ಕೆರಡು ಸನ್ನೆ ಕಲಿತರೂ ಸಾಕು. ಮೊದಲು ನಿಮ್ಮ ಮಗುವಿನ ಸನ್ನೆಗಳನ್ನು ಕೇಳಿ ತಿಳಿಯಿರಿ. ಮುಂದಿನ ಮದುವೆಗೆ ಅವಳನ್ನೂ ಕರೆದುಕೊಂಡು ಹೋಗಿ.